ಚಾಗೈ ಗಡಿಯ ಹಳೇ ಟೊಪೊಶೀಟ್‌ಗಳು: ಒಂದು 4 ಕಿ.ಮೀ. ಪೂರ್ವಕ್ಕೆ, ಇನ್ನೊಂದು 260 ಮೀ. ದಕ್ಷಿಣಕ್ಕೆ. ಎಲ್ಲಾ ಡೇಟಮ್ ದೋಷವೇ?

ಹಳೇಹಾಳೆ (ಪ್ರಶ್ನೆ)

ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಮೂರೂ ಕೂಡುವ ಮೂಲೆಯಲ್ಲಿ ಬಲೂಚಿಸ್ತಾನದ ಚಾಗೈ ಸೀಮೆ ಇದೆಯಲ್ಲ, ಅಲ್ಲಿಯ ಮೂರು ಹಳೆಯ ನಕ್ಷೆಗಳ ಸ್ಕ್ಯಾನ್ ಕೈಗೆ ಸಿಕ್ಕಿವೆ. ಮೂರರಲ್ಲೂ ಕೋಹ್-ಇ-ಸುಲ್ತಾನ್ ಎಂಬ ಆರಿದ ಜ್ವಾಲಾಮುಖಿ ಬೆಟ್ಟವಿದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದರೆ ಮೂರೂ ಮೂರು ಥರ ತಪ್ಪುತ್ತಿವೆ.

ಮೊದಲನೆಯದು 1890ರ ದಶಕದ ಕೊನೆಯ ಹಾಳೆ. ಇಂಚಿಗೆ 8 ಮೈಲು, ಗಡಿ ಆಯೋಗದ ಮೋಜಣಿಯಿಂದ ತಯಾರಾದದ್ದು. ಇದರಲ್ಲಿ ಬೆಟ್ಟ, ಬಾವಿ, ಹಳ್ಳ ಎಲ್ಲವೂ ಒಟ್ಟಾಗಿ 4 ಕಿ.ಮೀ. ಪೂರ್ವಕ್ಕೆ ಸರಿದಿವೆ. ಉತ್ತರ-ದಕ್ಷಿಣದಲ್ಲಿ ಹೇಳುವಂಥ ತಪ್ಪಿಲ್ಲ.

ಎರಡನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾಲಿಂಚಿನ (ಕಾಲಿಂಚಿಗೆ 1 ಮೈಲು) ಹಾಳೆ, ಸಂಖ್ಯೆ 30 ಕೆ. ಬಟ್ಟೆಗೆ ಅಂಟಿಸಿ ಮಡಿಚಿದ ಪ್ರತಿ. ನಾಲ್ಕು ಮೂಲೆ ಕೊಟ್ಟು ಲೀನಿಯರ್‌ನಲ್ಲಿ ಕೂರಿಸಿದ್ದೇನೆ. ಮೂಲೆಗಳಲ್ಲಿ 200-300 ಮೀ. ವ್ಯತ್ಯಾಸ, ನಡುವಿನ ಕೆಲವು ಪಟ್ಟಿಗಳಲ್ಲಿ 500 ಮೀ. ಮುಟ್ಟುತ್ತದೆ.

ಮೂರನೆಯದು ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್ 1950ರ ದಶಕದಲ್ಲಿ ತಂದ ಯು502 ಸರಣಿಯ ಎನ್‌ಎಚ್ 41-10. ಇದು 1:250,000. ಇದರಲ್ಲಿ ಅಚ್ಚಾದ ಯುಟಿಎಂ ಗ್ರಿಡ್‌ನ (ಮೀಟರಿನಲ್ಲಿ ಅಳೆಯುವ ಚೌಕುಳಿ ಜಾಲ) ಅಂಕಿಗಳನ್ನೇ ಕೊಟ್ಟೆ. ಇಡೀ ಹಾಳೆ ಸುಮಾರು 260 ಮೀ. ದಕ್ಷಿಣಕ್ಕೆ ಕೂತಿದೆ.

ಮೂರಕ್ಕೂ ಡೇಟಮ್ (ಅಕ್ಷಾಂಶ-ರೇಖಾಂಶ ಅಳೆಯಲು ಹಿಡಿದ ಭೂಮಿಯ ಮಾದರಿ) ಬದಲಾಯಿಸಿ ನೋಡಿದ್ದಾಯಿತು. ಒಂದು ಸರಿಹೋದರೆ ಇನ್ನೊಂದು ಕೆಡುತ್ತದೆ. ಜೊತೆಗೆ ಇನ್ನೊಂದು: ಈ ನಕ್ಷೆಗಳಿಂದ ಹಳೆಯ ಗಡಿರೇಖೆಯನ್ನು ಎತ್ತಿಕೊಳ್ಳಬೇಕೆಂದಿದ್ದೇನೆ. ಎಷ್ಟು ನಂಬಬಹುದು?

ಅಕ್ಷಾಂಶ

ಮೂರಕ್ಕೂ ಒಂದೇ ಮದ್ದು ಕೊಡಲು ಹೋಗಿದ್ದೀರಿ, ರೋಗ ಬೇರೆ ಬೇರೆ.

ಆ ಜಾಗದಲ್ಲಿ ಡೇಟಮ್ ವ್ಯತ್ಯಾಸ ಎಷ್ಟೆಂದು ಮೊದಲು ಲೆಕ್ಕ ಹಾಕೋಣ. ಹಳೆಯ ಡೇಟಮ್ ಕಲಿಯಾನ್‌ಪುರ 1962ರಿಂದ ಈಗಿನ ಜಿಪಿಎಸ್ ಡೇಟಮ್ ಡಬ್ಲ್ಯೂಜಿಎಸ್ 84ಕ್ಕೆ ಪಾಕಿಸ್ತಾನದ ಭಾಗಕ್ಕೆ ಬಳಸುವ ಅಂಕಿಗಳು ಎಕ್ಸ್ 283, ವೈ 682, ಜೆಡ್ 231 ಮೀಟರ್. ಇವನ್ನು 29 ಡಿಗ್ರಿ ಉತ್ತರ, 63 ಡಿಗ್ರಿ ಪೂರ್ವದಲ್ಲಿ ಹಾಕಿ ನೋಡಿದರೆ ಅಕ್ಷಾಂಶ ಒಂದೆರಡು ಮೀಟರ್ ಕೂಡ ಕದಲುವುದಿಲ್ಲ, ರೇಖಾಂಶ ಸುಮಾರು 57 ಮೀ. ಪೂರ್ವಕ್ಕೆ ಹೋಗುತ್ತದೆ. ಅಷ್ಟೇ. ಕಾಲಿಂಚಿನ ನಕ್ಷೆಯ ಮೇಲೆ 57 ಮೀ. ಅಂದರೆ ಮಿಲಿಮೀಟರಿನ ಕಾಲು ಭಾಗವೂ ಇಲ್ಲ, ಅಚ್ಚಿನ ಗೆರೆಯ ದಪ್ಪದಲ್ಲೇ ಮುಗಿದುಹೋಯಿತು. ಹಾಗಾಗಿ 4 ಕಿ.ಮೀ. ತಪ್ಪಿಗೂ ಡೇಟಮ್‌ಗೂ ಸಂಬಂಧವಿಲ್ಲ.

ಮೊದಲನೇ ಹಾಳೆಯದು ರೇಖಾಂಶದ ಹಳೆಯ ಕಥೆ. ಭಾರತದ ತ್ರಿಕೋನ ಮಾಪನದ ಮೂಲಬಿಂದು ಮಧ್ಯಪ್ರದೇಶದ ಕಲಿಯಾನ್‌ಪುರ. ಗ್ರೀನಿಚ್‌ನಿಂದ ಅದಕ್ಕೆ ಮೊದಲು ಹಿಡಿದಿದ್ದ ರೇಖಾಂಶ 77°41'44.75". ಟೆಲಿಗ್ರಾಫ್ ಮೂಲಕ ಅಳೆದ ಮೇಲೆ ಅದು 77°39'17.57" ಎಂದಾಯಿತು. ವ್ಯತ್ಯಾಸ 2'27.18". ಇದನ್ನು ನಕ್ಷೆಗಳಲ್ಲಿ ಅಳವಡಿಸಿಕೊಂಡದ್ದು 1905ರ ಹೊತ್ತಿಗೆ. ಅದಕ್ಕೂ ಮುಂಚಿನ ಹಾಳೆಗಳಲ್ಲಿ ಅಂಚಿನ ರೇಖಾಂಶಗಳೆಲ್ಲ 2'27" ಹೆಚ್ಚಾಗಿಯೇ ಅಚ್ಚಾಗಿವೆ. 29 ಡಿಗ್ರಿ ಅಕ್ಷಾಂಶದಲ್ಲಿ ರೇಖಾಂಶದ ಒಂದು ಮಿನಿಟಿಗೆ ಸುಮಾರು 1.62 ಕಿ.ಮೀ. 2.45 ಮಿನಿಟಿಗೆ ಗುಣಿಸಿ, 3.98 ಕಿ.ಮೀ. ಬರುತ್ತದೆ. ನಿಮ್ಮ 4 ಕಿ.ಮೀ. ಅದೇ.

ಮಾಡಬೇಕಾದದ್ದು ಇಷ್ಟು: ಬಿಂದು ಕೊಡುವಾಗ ಅಚ್ಚಾದ ಪ್ರತಿ ರೇಖಾಂಶದಿಂದ 0°02'27" ಕಳೆದು ಬರೆಯಿರಿ. 63°00' ಎಂದಿದ್ದರೆ 62°57'33". ಅಕ್ಷಾಂಶ ಮುಟ್ಟಬೇಡಿ. ಆದರೆ ಕಳೆಯುವ ಮುನ್ನ ಅಂಚಿನ ಟಿಪ್ಪಣಿ ಓದಿ. ಕೆಲವು ಮುದ್ರಣಗಳಲ್ಲಿ ಇಷ್ಟು ಕಳೆಯಬೇಕೆಂದು ಅಡಿಯಲ್ಲೇ ಬರೆದಿರುತ್ತಾರೆ. ಹಳೇ ಅಚ್ಚಿನ ಫಲಕದಿಂದಲೇ ತೆಗೆದ ಮರುಮುದ್ರಣದಲ್ಲಿ ಅಂಚಿನ ಅಂಕಿ ಮಾತ್ರ ತಿದ್ದಿರುವುದೂ ಉಂಟು. ಅಂಥದ್ದರಲ್ಲಿ ಮತ್ತೆ ಕಳೆದರೆ ಬೆಟ್ಟ 4 ಕಿ.ಮೀ. ಪಶ್ಚಿಮಕ್ಕೆ ಹಾರುತ್ತದೆ. ಅಂಚಿನ ಗೆರೆಗಳನ್ನು ನೋಡಿದರೂ ಸುಳಿವು ಸಿಗುತ್ತದೆ: ಹಾಳೆಯ ಚೌಕಟ್ಟು ಪೂರ್ಣ ಡಿಗ್ರಿಗೆ ನಿಲ್ಲದೆ ಎರಡೂವರೆ ಮಿನಿಟಿನಷ್ಟು ಆಚೀಚೆ ನಿಂತಿದ್ದರೆ ಯಾರೋ ಆಗಲೇ ತಿದ್ದಿದ್ದಾರೆಂದು ತಿಳಿಯಿರಿ.

ಇನ್ನು ಮೂರನೆಯದು. ಇಲ್ಲಿ ಮಾತ್ರ ಸ್ಫೀರಾಯ್ಡ್ (ಲೆಕ್ಕಕ್ಕೆ ಹಿಡಿದ ಚಪ್ಪಟೆ ಗೋಳ) ನಿಮ್ಮನ್ನು ಹಿಡಿದಿದೆ. ಆ ಗ್ರಿಡ್ ಯುಟಿಎಂ ನಿಜ, ಆದರೆ ಎವರೆಸ್ಟ್ ಸ್ಫೀರಾಯ್ಡ್ ಮೇಲೆ ಕಟ್ಟಿದ ಯುಟಿಎಂ. ಎವರೆಸ್ಟ್‌ನ ಅರ್ಧವ್ಯಾಸ ಡಬ್ಲ್ಯೂಜಿಎಸ್ 84ರದ್ದಕ್ಕಿಂತ 800 ಮೀಟರಿಗೂ ಹೆಚ್ಚು ಚಿಕ್ಕದು. ಸಮಭಾಜಕದಿಂದ 29 ಡಿಗ್ರಿಯವರೆಗೆ ಅಳೆದರೆ ಎವರೆಸ್ಟ್ ಮೇಲೆ ಸುಮಾರು 260 ಮೀ. ಕಡಿಮೆ ಬರುತ್ತದೆ. ಆ ನಾರ್ಥಿಂಗ್ (ಉತ್ತರ ದೂರದ) ಅಂಕಿಯನ್ನು ಡಬ್ಲ್ಯೂಜಿಎಸ್ 84 ಯುಟಿಎಂ ಎಂದು ಕೊಟ್ಟರೆ ನಕ್ಷೆ ಅಷ್ಟೇ ದೂರ ದಕ್ಷಿಣಕ್ಕೆ ಕೂರುತ್ತದೆ. ನಿಮ್ಮ ಅಂಕಿಗೆ ಅಂಕಿ ಹೊಂದುತ್ತಿದೆ. ಜಿಯೊರೆಫರೆನ್ಸರ್‌ನಲ್ಲಿ (ಸ್ಕ್ಯಾನನ್ನು ಜಾಗಕ್ಕೆ ಕೂರಿಸುವ ಸಾಧನ) ಗುರಿ ಸಿಆರ್‌ಎಸ್, ಅಂದರೆ ನಿರ್ದೇಶಾಂಕ ಪದ್ಧತಿ, ಎಂದು ಇಪಿಎಸ್‌ಜಿ ಸಂಕೇತ 24311 ಕೊಡಿ (ಕಲಿಯಾನ್‌ಪುರ 1962, ಯುಟಿಎಂ ವಲಯ 41 ಉತ್ತರ). ಆಮೇಲೆ ಪ್ರಾಜೆಕ್ಟ್ ಯಾವುದರಲ್ಲಿದ್ದರೂ ಕ್ಯೂಜಿಐಎಸ್ ತಾನೇ ತಿರುಗಿಸಿಕೊಳ್ಳುತ್ತದೆ. 66 ಡಿಗ್ರಿಯಿಂದಾಚೆ ಪೂರ್ವದ ಹಾಳೆಗಳಿಗೆ 24312.

ನೆನಪಿಡಬೇಕಾದ ವಿಚಿತ್ರ ಇಷ್ಟೇ: ಇದೇ ಹಾಳೆಗೆ ಅಕ್ಷಾಂಶ-ರೇಖಾಂಶ ಕೊಟ್ಟು ಡೇಟಮ್ ಮರೆತರೆ 60 ಮೀಟರಿನ ಒಳಗಿನ ತಪ್ಪು. ಗ್ರಿಡ್ ಕೊಟ್ಟು ಮರೆತರೆ 260.

ಮಡಿಕೆ

30 ಕೆ ಹಾಳೆಯ ಬಗ್ಗೆ. ಅದರಲ್ಲಿ ಎರಡು ತಪ್ಪು ಬೆರೆತಿವೆ.

ಒಂದು, ಡಿಗ್ರಿ ಹಾಳೆ ಚೌಕವಲ್ಲ. 29ರಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 97.4 ಕಿ.ಮೀ., 30ರಲ್ಲಿ 96.5. ಅಂದರೆ ಮೇಲಂಚು ಕೆಳಂಚಿಗಿಂತ ಹತ್ತಿರಹತ್ತಿರ 1 ಕಿ.ಮೀ., ಕಾಗದದ ಮೇಲೆ 4 ಮಿ.ಮೀ. ಚಿಕ್ಕದು. ನೀವು ಡಿಗ್ರಿಗಳನ್ನೇ ಗುರಿಯಾಗಿ ಕೊಟ್ಟು ಲೀನಿಯರ್ ಆರಿಸಿದಾಗ ತಂತ್ರಾಂಶ ಈ ಓರೆ ಚೌಕಟ್ಟನ್ನು ಆಯತವೆಂದು ತಿಳಿದು ನಾಲ್ಕೂ ಮೂಲೆಗೆ ತಪ್ಪನ್ನು ಹಂಚುತ್ತದೆ. ಮೂಲೆಗೆ ಸುಮಾರು 240 ಮೀ. ನಿಮಗೆ ಬಂದ 200-300ರ ಬಹುಪಾಲು ಇದು. ಡಿಗ್ರಿ ಬಿಂದುಗಳನ್ನು ಮೊದಲು 24311ಕ್ಕೆ ತಿರುಗಿಸಿಕೊಂಡು ಆ ಮೀಟರ್ ಅಂಕಿಗಳನ್ನು ಕೊಡಿ, ಪಾಲಿನಾಮಿಯಲ್ 1 ವಿಧಾನ ಸಾಕು. ಅಕ್ಷಾಂಶದ ಗೆರೆ ಸ್ವಲ್ಪ ಬಾಗಿರುವುದು (ನಡುವೆ 100 ಮೀ.) ಯುಟಿಎಂನಲ್ಲೂ ಹಾಗೆಯೇ ಬಾಗುವುದರಿಂದ ತಾನಾಗಿ ಹೊಂದಿಕೊಳ್ಳುತ್ತದೆ.

ಎರಡು, ಬಟ್ಟೆ. ಅಂಥ ಪ್ರತಿಗಳನ್ನು ಸುಮ್ಮನೆ ಮಡಿಚಿರುವುದಿಲ್ಲ. ನಕ್ಷೆಯನ್ನು 8, 12 ಅಥವಾ 16 ತುಂಡು ಕತ್ತರಿಸಿ, ಮಡಿಕೆ ಬೀಳುವಲ್ಲಿ ಒಂದೆರಡು ಮಿಲಿಮೀಟರ್ ಜಾಗ ಬಿಟ್ಟು ಬಟ್ಟೆಗೆ ಅಂಟಿಸಿರುತ್ತಾರೆ. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ 253 ಮೀ. ಅಂಚಿನಿಂದ ಅಂಚಿಗೆ ಮೂರು ಸಂದು ದಾಟಿದರೆ ಮುಕ್ಕಾಲು ಕಿಲೋಮೀಟರಿನಿಂದ ಒಂದೂವರೆಯವರೆಗೆ ಸುಳ್ಳು ನೆಲ ಸೇರಿಕೊಂಡಿತು. ಮೂಲೆಗಳನ್ನು ಕಟ್ಟಿಹಾಕಿದ್ದರಿಂದ ಆ ಸುಳ್ಳು ಒಳಗೆಲ್ಲ ಹಂಚಿಹೋಗಿದೆ. 500 ಮೀ. ಪಟ್ಟಿಗಳು ಅಲ್ಲಿಂದ ಬಂದವು. ಕಾಗದವೂ ಹಿಗ್ಗಿ ಕುಗ್ಗುತ್ತದೆ. ಈ ಹಾಳೆ ಎತ್ತರದಲ್ಲಿ 43.7 ಸೆಂ.ಮೀ. ಇರಬೇಕು. ಅರ್ಧ ಶೇಕಡಾ ಹಿಗ್ಗಿದರೂ 2.2 ಮಿ.ಮೀ., ನೆಲದ ಮೇಲೆ 550 ಮೀ. ಅದೂ ಉದ್ದಕ್ಕೂ ಅಡ್ಡಕ್ಕೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ.

ಹೀಗೆ ಮಾಡಿ. ಸ್ಕ್ಯಾನನ್ನು ಗಿಂಪ್‌ನಲ್ಲಿ ತೆರೆದು ಪ್ರತಿ ತುಂಡನ್ನೂ ಬೇರೆ ಟಿಫ್ ಕಡತವಾಗಿ ಕತ್ತರಿಸಿ. ಜೆಪೆಗ್ ಬೇಡ, ಕಂದು ಕಾಂಟೂರ್ (ಸಮಾನ ಎತ್ತರದ) ಗೆರೆಗಳು ಕದಡಿಹೋಗುತ್ತವೆ. ಕತ್ತರಿಸುವಾಗ ತಿರುಗಿಸಿ ನೇರ ಮಾಡುವ ಗೋಜಿಗೆ ಹೋಗಬೇಡಿ, ಆ ಕೆಲಸವನ್ನು ಜಿಯೊರೆಫರೆನ್ಸರ್ ಒಂದೇ ಸಲ ಮಾಡಲಿ. ಎರಡು ಸಲ ಪಿಕ್ಸೆಲ್ ಕಲಸಿದರೆ ಸಣ್ಣ ಅಕ್ಷರ ಓದಲಾಗದು. ಒಂದೊಂದು ತುಂಡನ್ನೂ ಪ್ರತ್ಯೇಕವಾಗಿ ಕೂರಿಸಿ, ಕೊನೆಗೆ ವರ್ಚುವಲ್ ರಾಸ್ಟರ್ ಆಗಿ ಹೊಲಿಯಿರಿ.

ಬಿಂದುಗಳಿಗೆ ಬರಗಾಲ ಬರುವುದು ಇಲ್ಲೇ. 15 ಮಿನಿಟಿಗೊಂದು ಗೆರೆಯಿದ್ದರೆ ಇಡೀ ಹಾಳೆಗೆ 25 ಛೇದ. 12 ತುಂಡಾದಾಗ ಕೆಲವಕ್ಕೆ ಒಂದೋ ಎರಡೋ ಸಿಗುತ್ತವೆ. ಅಂಚಿನ ತುಂಡುಗಳಿಗೆ ಚೌಕಟ್ಟಿನ ಮೇಲಿನ ಮಿನಿಟು ಗುರುತುಗಳನ್ನು ಬಳಸಿ. ನಡುವಿನವುಗಳಿಗೆ, ಗೆರೆ ಕತ್ತರಿ ಬಿದ್ದ ಅಂಚನ್ನು ಮುಟ್ಟುವ ಜಾಗ, ಪಕ್ಕದ ತುಂಡಿನಲ್ಲಿ ಅದೇ ಜಾಗ: ಆಗಲೇ ಕೂತ ತುಂಡಿನಿಂದ ಅದರ ಅಂಕಿ ಓದಿ ಇದಕ್ಕೆ ಕೊಡಿ. ಮೂಲೆಯಿಂದ ಶುರುಮಾಡಿ ಒಳಗೆ ಸಾಗಿ, ಎದುರು ಮೂಲೆಯ ತುಂಡನ್ನು ಬರೀ ಪರೀಕ್ಷೆಗೆ ಇಟ್ಟುಕೊಳ್ಳಿ.

ಥಿನ್ ಪ್ಲೇಟ್ ಸ್ಪ್ಲೈನ್ (ಹಾಳೆಯನ್ನು ರಬ್ಬರಿನಂತೆ ಎಳೆಯುವ ವಿಧಾನ) ಒತ್ತಿದರೆ ಉಳಿಕೆ (ಹೊಂದದೆ ಉಳಿದ ತಪ್ಪು) ಸೊನ್ನೆ ಎಂದು ತೋರಿಸುತ್ತದೆ, ಖುಷಿಪಡಬೇಡಿ. ಅದು ಕೊಟ್ಟ ಬಿಂದುಗಳನ್ನೆಲ್ಲ ತಪ್ಪೂ ಸೇರಿ ಹಾಗೇ ಹಿಡಿಯುತ್ತದೆ. ಐದು ಬಿಂದುಗಳನ್ನು ಕೊಡದೆ ಬಚ್ಚಿಟ್ಟು ಅವುಗಳ ಮೇಲೆ ಅಳೆದು ನೋಡಿದರೆ ನಿಜ ಬಣ್ಣ ಗೊತ್ತಾಗುತ್ತದೆ. 400 ಡಿಪಿಐ ಸ್ಕ್ಯಾನಿನಲ್ಲಿ ಒಂದು ಪಿಕ್ಸೆಲ್ 16 ಮೀ. ತುಂಡಿಗೆ 3ರಿಂದ 5 ಪಿಕ್ಸೆಲ್ ಉಳಿಕೆ ಬಂದರೆ ಅಷ್ಟಕ್ಕೇ ನಿಲ್ಲಿಸಿ, ಅದಕ್ಕಿಂತ ಒಳ್ಳೆಯದು ಆ ಕಾಗದದಿಂದ ಹೊರಡುವುದಿಲ್ಲ.

ತ್ರಿಕೋನ

ಮೇಲಿನ ಇಬ್ಬರೂ ಹೇಳಿದ್ದು ಕಾಗದವನ್ನು ಕಾಗದದ ಗೆರೆಗೆ ಕೂರಿಸುವ ಮಾತು. ಆಮೇಲೆ ನೆಲದ ಜೊತೆ ತಾಳೆ ನೋಡುವಾಗ ಯಾವುದನ್ನು ಹಿಡಿಯಬೇಕು ಎನ್ನುವುದು ಈ ಸೀಮೆಯಲ್ಲಿ ಇನ್ನೂ ದೊಡ್ಡ ತಲೆನೋವು.

ಊರು, ರಸ್ತೆ ತಿರುವು, ಹಳ್ಳದ ಕೂಡು – ಬೇರೆಡೆ ಬಳಸುವ ಇವು ಯಾವುವೂ ಇಲ್ಲಿ ಬೇಡ. ಹಳ್ಳ ಅಂದರೆ ಮಳೆ ಬಂದಾಗ ಹರಿದು ಜಲ್ಲಿ ಬಯಲಿನಲ್ಲಿ ಹರಡಿ ಇಂಗುವಂಥದ್ದು. ಒಂದೊಂದು ಪ್ರವಾಹಕ್ಕೂ ಪಾತ್ರ ಬದಲು. ಅರ್ಧಚಂದ್ರಾಕಾರದ ಮರಳುದಿಬ್ಬಗಳು ಗಾಳಿಯ ದಿಕ್ಕಿಗೆ ನಡೆಯುತ್ತಲೇ ಇರುತ್ತವೆ. ನೂರು ವರ್ಷದ ಹಿಂದಿನ ದಿಬ್ಬವನ್ನು ಉಪಗ್ರಹ ಚಿತ್ರದ ದಿಬ್ಬಕ್ಕೆ ಹೊಂದಿಸುವುದು ಹೊಳೆಯಲ್ಲಿ ಗುರುತು ಹಾಕಿದಂತೆ. ಹಾಮೂನ್ (ತುಂಬಿ ಬತ್ತುವ ಆಳವಿಲ್ಲದ ಕೆರೆ) ಅಂಚಂತೂ ವರ್ಷದಿಂದ ವರ್ಷಕ್ಕೆ ಬೇರೆ. 'ಚಾಹ್' ಎಂದು ಬರೆದ ಬಾವಿಗಳನ್ನು ಪ್ಲೇನ್ ಟೇಬಲ್‌ನವರು (ಹಲಗೆ ಇಟ್ಟು ಸ್ಥಳದಲ್ಲೇ ನಕ್ಷೆ ಬರೆದವರು) ಚೆನ್ನಾಗಿಯೇ ಹಾಕಿದ್ದಾರೆ, ಆದರೆ ಎಷ್ಟೋ ಬಾವಿ ಹೂತುಹೋಗಿ ಅದೇ ಹೆಸರಿನಲ್ಲಿ ಪಕ್ಕದಲ್ಲಿ ಹೊಸದು ತೋಡಿರುತ್ತಾರೆ.

ಹಿಡಿಯಬೇಕಾದದ್ದು ಬಂಡೆ. ಕೋಹ್-ಇ-ಸುಲ್ತಾನ್‌ನಲ್ಲೇ ಎರಡು ಒಳ್ಳೆಯ ಬಿಂದುಗಳಿವೆ. ಅತಿ ಎತ್ತರದ, ಮೀರಿ ಎಂಬ ಹೆಸರಿನ ಶಿಖರ, 2,333 ಮೀ., ಹಳೆಯ ಲೆಕ್ಕದಲ್ಲಿ 7,650 ಅಡಿಯ ಆಸುಪಾಸು. ಇನ್ನೊಂದು ನೇಜಾ-ಎ-ಸುಲ್ತಾನ್, ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಶಿಲೆ ಸುತ್ತಲಿನ ಸಡಿಲ ಪದರ ಕರಗಿದ ಮೇಲೆ ಭರ್ಜಿಯಂತೆ ನಿಂತದ್ದು. ಹೆಸರೇ ಹಾಗೆ, ಸುಲ್ತಾನನ ಭರ್ಜಿ. ದೂರದಿಂದಲೇ ಕಾಣುವುದರಿಂದ ಮೋಜಣಿದಾರರಿಗೆ ಗುರಿ ಹಿಡಿಯಲು ಇದಕ್ಕಿಂತ ಅನುಕೂಲದ ವಸ್ತು ಆ ಬಯಲಲ್ಲಿ ಇರಲಿಲ್ಲ. ಉಪಗ್ರಹ ಚಿತ್ರದಲ್ಲಿ ನೇರವಾಗಿ ಹುಡುಕಿದರೆ ಸಿಗದು, ಅದರ ನೆರಳು ಹುಡುಕಿ. ನೆರಳಿನ ಬುಡದಲ್ಲಿ ಬಿಂದು ಇಡಬೇಕು, ತುದಿಯಲ್ಲಲ್ಲ.

ತಾಳೆ ನೋಡಲು ಸುಲಭದ ದಾರಿ: ಐರೋಪ್ಯ ಕೋಪರ್ನಿಕಸ್ ಯೋಜನೆಯ 30 ಮೀ. ಎತ್ತರ ದತ್ತಾಂಶ ಇಳಿಸಿಕೊಂಡು ಅದರಿಂದ 76.2 ಮೀ. ಅಂತರದ ಕಾಂಟೂರ್ ತೆಗೆಯಿರಿ. ಕಾಲಿಂಚಿನ ಹಾಳೆಯ ಕಾಂಟೂರ್ ಅಂತರ 250 ಅಡಿ, ಅದೇ 76.2. ಎರಡನ್ನೂ ಒಂದರ ಮೇಲೊಂದು ಹಾಕಿದರೆ ಸರಿದದ್ದು ಎಲ್ಲಿ, ಬರೀ ಕೈಬರಹದ ಊಹೆ ಎಲ್ಲಿ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಹಿಲ್‌ಶೇಡ್ (ಬೆಟ್ಟಗಳ ನೆರಳು ಚಿತ್ರ) ಹಾಕಿ ನಕ್ಷೆಯ ಪದರಕ್ಕೆ ಮಲ್ಟಿಪ್ಲೈ (ಎರಡೂ ಒಟ್ಟಿಗೆ ಕಾಣುವ ಬೆರಕೆ) ಕೊಟ್ಟರೂ ಸರಿ.

ಆಗ ಇನ್ನೊಂದು ಕಾಣುತ್ತದೆ. ದಕ್ಷಿಣದ ಬೆಟ್ಟಗಳು ಚೆನ್ನಾಗಿ ಕೂರುತ್ತವೆ, ಗಡಿಯಾಚೆ ಅಫ್ಘಾನ್ ಕಡೆಯವು ಕೂರುವುದಿಲ್ಲ. ಮೋಜಣಿದಾರ ಗಡಿಯ ಈ ಕಡೆಯ ಗುಡ್ಡಗಳ ಮೇಲೆ ನಿಂತು ಆಚೆಗೆ ನೋಟ ಹಾಯಿಸಿದ. ಎರಡು ನಿಲ್ದಾಣಗಳ ನಡುವಿನ ಕೋನ ಕಿರಿದಾದಷ್ಟೂ ನೋಟದ ದಿಕ್ಕಿನಲ್ಲಿ ತಪ್ಪು ಬೆಳೆಯುತ್ತದೆ, ಅಡ್ಡಡ್ಡ ಅಲ್ಲ. ಹಾಗಾಗಿ ಅಲ್ಲಿ ಬೆಟ್ಟದ ದಿಕ್ಕು ಸರಿ, ದೂರ ತಪ್ಪು. ಕಣ್ಣಿಗೆ ಬಿದ್ದದ್ದು ದಕ್ಷಿಣದ ಇಳಿಜಾರು ಮಾತ್ರ, ಬೆನ್ನ ಹಿಂದಿನದ್ದು ತುಂಡು ಗೆರೆಯ ಅಂದಾಜು. ತುಂಡು ಗೆರೆ ಇದ್ದಲ್ಲಿ ಅದನ್ನು ಕಾಂಟೂರ್ ಎಂದು ಡಿಜಿಟೈಸ್ ಮಾಡಬೇಡಿ, ಆಕಾರ ತೋರಿಸಲು ಎಳೆದದ್ದು ಅದು, ಎತ್ತರವಲ್ಲ. ಈ ಭಾಗದ ಬಿಂದುಗಳನ್ನು ಕೂಡಿಸಿ ಇಡೀ ಹಾಳೆಯನ್ನು ಎಳೆದಾಡಿದರೆ ಸರಿಯಿದ್ದ ದಕ್ಷಿಣವೂ ಕೆಡುತ್ತದೆ.

ಯು502 ಹಾಳೆಯ ಅಡಿಯಲ್ಲಿ ವಿಶ್ವಾಸಾರ್ಹತೆಯ ಪುಟ್ಟ ಚಿತ್ರ ಇದ್ದರೆ ಅದನ್ನು ಮೊದಲು ನೋಡಿ. ಯಾವ ಭಾಗ ಯಾವ ಮೂಲದಿಂದ ಬಂತೆಂದು ಅಲ್ಲಿ ಬರೆದಿರುತ್ತದೆ. ಈ ಸರಣಿ ಬಹುಮಟ್ಟಿಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳನ್ನೇ ಆಧರಿಸಿ ಮತ್ತೆ ಬರೆದದ್ದು. ಆದ್ದರಿಂದ '30 ಕೆಯಲ್ಲೂ ಹೀಗೇ ಇದೆ, ಯು502ರಲ್ಲೂ ಹೀಗೇ ಇದೆ, ಎರಡು ಸಾಕ್ಷಿ' ಎನ್ನಲಾಗದು. ಸಾಕ್ಷಿ ಒಂದೇ, ಎರಡು ಸಲ ನುಡಿದಿದೆ.

ಅಕ್ಷಾಂಶ

ತ್ರಿಕೋನ ಅವರ ಮಾತಿಗೆ ಸೇರಿಸುವುದು: ಗಡಿಯಾಚೆಗೆ ಬೇರೆ ಸಾಕ್ಷಿ ಬೇಕಿದ್ದರೆ ಸೋವಿಯತ್ ಸೇನಾ ನಕ್ಷೆಗಳನ್ನು ತೆಗೆದುಕೊಳ್ಳಿ. ಕೋಹ್-ಇ-ಸುಲ್ತಾನ್ ಬರುವ 1:200,000 ಹಾಳೆ ಎಚ್-41ರಲ್ಲಿ 27ನೆಯದು, ಸಂಖ್ಯೆಯನ್ನು ರೋಮನ್ ಅಂಕಿಯಲ್ಲಿ ಬರೆದಿರುತ್ತದೆ. ಹಾಳೆ 40 ಮಿನಿಟು ಎತ್ತರ, 1 ಡಿಗ್ರಿ ಅಗಲ. 28°40'ರಿಂದ 29°20'ರವರೆಗೆ ಮಾತ್ರ ಇರುವುದರಿಂದ ಗಡಿ ಮೇಲಿನ 21ನೇ ಹಾಳೆಗೂ ಹೋಗುತ್ತದೆ, ಎರಡೂ ಬೇಕು.

ಅದಕ್ಕೆ ಇಪಿಎಸ್‌ಜಿ 28411, ಪುಲ್ಕೊವೊ 1942 (ಸೋವಿಯತ್ ಡೇಟಮ್), ಗೌಸ್-ಕ್ರೂಗರ್ (ಯುಟಿಎಂನಂಥದ್ದೇ ಗ್ರಿಡ್) ವಲಯ 11. ಈಸ್ಟಿಂಗ್ (ಪೂರ್ವ ದೂರದ) ಅಂಕಿಯ ಮೊದಲ 11 ಎಂಬುದು ವಲಯದ ಸಂಖ್ಯೆ. ಅದನ್ನು ಕಿತ್ತು ಯುಟಿಎಂ 41 ಎಂದು ಕೊಡುವವರಿದ್ದಾರೆ, ಮಧ್ಯರೇಖೆ ಎರಡಕ್ಕೂ 63 ಡಿಗ್ರಿಯೇ ಆದ್ದರಿಂದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಯುಟಿಎಂಗೆ 0.9996ರ ಗುಣಕವಿದೆ, ಇದಕ್ಕಿಲ್ಲ. ಸಮಭಾಜಕದಿಂದ 3,200 ಕಿ.ಮೀ. ದೂರದಲ್ಲಿ ಆ 0.0004 ಬೆಳೆದು 1.3 ಕಿ.ಮೀ. ಆಗಿರುತ್ತದೆ.

ಯುದ್ಧಕಾಲದ ಕಾಲಿಂಚಿನ ಮುದ್ರಣ ಸಿಕ್ಕಿದರೆ ಅದರ ಮೇಲೆ ಗಜದ ಗ್ರಿಡ್ ಇರಬಹುದು. ಗುರುತಿಸುವುದು ಸುಲಭ, ರೇಖಾಂಶದ ಗೆರೆಗೆ ಸುಮಾರು 3 ಡಿಗ್ರಿ ಓರೆಯಾಗಿ ಓಡುತ್ತದೆ. ಯುಟಿಎಂ ಆಗಿದ್ದರೆ ಈ ಹಾಳೆಯಲ್ಲಿ ಬಹುತೇಕ ಸಮಾನಾಂತರ ಇರಬೇಕು. ಅದು ಇಂಡಿಯಾ ವಲಯ 1, ಲ್ಯಾಂಬರ್ಟ್ ಶಂಕು ಪ್ರಕ್ಷೇಪ, ಮೂಲ 32°30' ಉತ್ತರ, 68° ಪೂರ್ವ, ಆ ಮೂಲಕ್ಕೆ 30 ಲಕ್ಷ ಗಜ ಪೂರ್ವ, 10 ಲಕ್ಷ ಗಜ ಉತ್ತರ ಎಂಬ ಅಂಕಿ. ಕೋಹ್-ಇ-ಸುಲ್ತಾನ್ ಹತ್ತಿರ ಸುಮಾರು 24.5 ಲಕ್ಷ, 6 ಲಕ್ಷ ಗಜ ಬಂದರೆ ಸರಿಯಾದ ವಲಯದಲ್ಲಿದ್ದೀರಿ.

ಬಾಂದುಕಲ್ಲು

ಗಡಿರೇಖೆಯ ಪ್ರಶ್ನೆಗೆ. ಎತ್ತಿಕೊಳ್ಳಬಹುದು, ಆದರೆ ಗೆರೆಯನ್ನಲ್ಲ, ಕಂಬಗಳನ್ನು.

ನಿಮ್ಮ ಹಾಳೆಯಲ್ಲಿರುವ ಅಫ್ಘಾನ್ ಗಡಿ 1893ರ ನವೆಂಬರ್ 12ರ ಡ್ಯುರಾಂಡ್ ಒಪ್ಪಂದದ್ದು. ನೆಲದ ಮೇಲೆ ಅದನ್ನು ಗುರುತಿಸಿದ್ದು ಹೆನ್ರಿ ಮೆಕ್‌ಮಹೊನ್ ನೇತೃತ್ವದ ಬಲೂಚ್-ಅಫ್ಘಾನ್ ಗಡಿ ಆಯೋಗ, 1896ರಲ್ಲಿ ಮೂರು ಗಡಿಗಳು ಕೂಡುವ ಕೋಹ್-ಇ-ಮಲಿಕ್ ಸಿಯಾ ತಲುಪಿ ಮುಗಿಸಿತು. ಅದೇ ವರ್ಷ ಬ್ರಿಟಿಷ್ ಮೋಜಣಿ ಅಧಿಕಾರಿ ಹೋಲ್ಡಿಚ್ ಕಡೆಯವರು ಇರಾನ್ ಗಡಿಯನ್ನು ಅದೇ ಬೆಟ್ಟಕ್ಕೆ ತಂದು ಮುಟ್ಟಿಸಿದರು. ಆ ಬೆಟ್ಟ 30 ಸಿ ಹಾಳೆಯಲ್ಲಿದೆ, ನಿಮ್ಮ 30 ಕೆಯಲ್ಲಲ್ಲ. ಪಶ್ಚಿಮದ ತುದಿ ಇಲ್ಲದೆ ಗೆರೆಯ ದಿಕ್ಕು ಪರೀಕ್ಷಿಸಲಾಗದು, ಅದನ್ನೂ ಹುಡುಕಿಕೊಳ್ಳಿ.

ಈ ಗಡಿ ಬೆಟ್ಟದ ಭಾಗದಲ್ಲಿ ನೀರಿಳಿಯುವ ಏಣನ್ನು ಹಿಡಿದು ಹೋಗುತ್ತದೆ, ಮರಳಿಗೆ ಇಳಿದ ಮೇಲೆ ನೇರ ತುಂಡುಗಳಾಗುತ್ತದೆ. ಮಲಿಕ್ ಸಿಯಾದಿಂದ ಪೂರ್ವಕ್ಕೆ ಅಂಥದ್ದೇ ಬಹಳ ಉದ್ದದ ಓಟವಿದೆ. 'ನೇರ' ಎನ್ನುವುದು ಇಲ್ಲೇ ಕೈಕೊಡುವುದು. 160 ಕಿ.ಮೀ. ಉದ್ದದ ಪೂರ್ವ-ಪಶ್ಚಿಮ ಗೆರೆಯ ಎರಡು ತುದಿ ಕೊಟ್ಟು ಡಿಗ್ರಿ ಪದರದಲ್ಲಿ ನೇರ ಎಳೆದರೆ, ನೆಲದ ಮೇಲಿನ ನಿಜವಾದ ನೇರ ನೋಟಕ್ಕಿಂತ ನಡುವೆ ಸುಮಾರು 290 ಮೀ. ದಕ್ಷಿಣಕ್ಕೆ ಬೀಳುತ್ತದೆ. ಕಂಬ ನೆಟ್ಟವರು ಥಿಯೊಡೊಲೈಟ್ ನೋಟದಲ್ಲಿ ನೇರ ಹಿಡಿದದ್ದು, ಡಿಗ್ರಿ ಚೌಕದಲ್ಲಲ್ಲ. ಆದ್ದರಿಂದ ನಕ್ಷೆಯಲ್ಲಿ ಗುರುತಾದ ಪ್ರತಿ ಕಂಬವನ್ನೂ ಬಿಂದುವಾಗಿ ಹಾಕಿ, ಗೆರೆಯನ್ನು 24311ರಲ್ಲಿ ಬಿಂದುವಿನಿಂದ ಬಿಂದುವಿಗೆ ಎಳೆಯಿರಿ. ಈಗಿನ ಜಾಲತಾಣ ನಕ್ಷೆಗಳ ಗೆರೆ ಇದಕ್ಕೆ ಹೊಂದದಿದ್ದರೆ ನಿಮ್ಮದೇ ತಪ್ಪೆಂದು ತಿಳಿಯಬೇಡಿ, ಅವುಗಳಲ್ಲಿ ಎಷ್ಟೋ ಗೆರೆ ಸಣ್ಣ ಅಳತೆಯ ನಕ್ಷೆಯಿಂದ ಎತ್ತಿದವು.

1 ಮಿ.ಮೀ. ದಪ್ಪದ ಗಡಿ ಚಿಹ್ನೆ ನೆಲದ ಮೇಲೆ ಕಾಲು ಕಿಲೋಮೀಟರ್ ಅಗಲ. ಅದರ ನಟ್ಟನಡುವೆ ಎಳೆದರೂ ನೂರು ಮೀಟರಿನ ಮಾತು ಆಡುವಂತಿಲ್ಲ. ಹಾಳೆಯ ಮೇಲೆ ಗಡಿ ತೋರಿಸಿದ ರೀತಿ ಅಧಿಕೃತವಲ್ಲ ಎಂಬ ಸಾಲು ಯು502ರಲ್ಲಿ ಬರುವುದು ಸುಮ್ಮನೆ ಅಲ್ಲ. ಡ್ಯುರಾಂಡ್ ರೇಖೆಯನ್ನು ಅಫ್ಘಾನಿಸ್ತಾನ ಅಂತಾರಾಷ್ಟ್ರೀಯ ಗಡಿಯೆಂದು ಇಂದಿಗೂ ಒಪ್ಪಿಲ್ಲ. ಇರಾನ್ ಕಡೆ ಬೇರೆ ಎಚ್ಚರ ಬೇಕು: ಪಾಕಿಸ್ತಾನ ಮತ್ತು ಇರಾನ್ 1958ರ ಫೆಬ್ರುವರಿ 6ರಂದು ಗಡಿ ಒಪ್ಪಂದ ಮಾಡಿಕೊಂಡಿವೆ. ಅದಕ್ಕೂ ಹಿಂದಿನ ನಕ್ಷೆಯಿಂದ ಇರಾನಿನ ಗಡಿಯೂರು ಮೀರ್ಜಾವೆ ಹತ್ತಿರದ ಗೆರೆ ಎತ್ತಿದರೆ ಅದು 'ಆ ವರ್ಷದ ನಕ್ಷೆ ತೋರಿದ ಗೆರೆ' ಮಾತ್ರ. ಪದರಕ್ಕೆ ಹೆಸರಿಡುವಾಗ ವರ್ಷ, ಹಾಳೆ ಎರಡನ್ನೂ ಸೇರಿಸಿ.

ವರ್ಷ ಅಂದಾಗ, ಅಂಚಿನಲ್ಲಿ ಮೋಜಣಿಯ ವರ್ಷ ಒಂದು, ಪ್ರಕಟಣೆಯದು ಒಂದು, ಮರುಮುದ್ರಣದ್ದು ಇನ್ನೊಂದು ಇರುತ್ತದೆ. ಅಂಚು ಹರಿದುಹೋಗಿದ್ದರೆ ರೈಲು ನೋಡಿ ಅಂದಾಜಿಸಬಹುದು. ಕ್ವೆಟ್ಟಾದಿಂದ ನುಶ್ಕಿಗೆ ರೈಲು ಬಂದದ್ದು 1905ರಲ್ಲಿ. ಅಲ್ಲಿಂದ ಮುಂದೆ ದಾಲ್‌ಬಂದಿನ್, ನೋಕ್ ಕುಂಡಿ ದಾಟಿ ಇರಾನಿನ ದುಜ್ದಾಪ್ ಮುಟ್ಟಿದ್ದು 1922ರಲ್ಲಿ. ನೋಕ್ ಕುಂಡಿ 30 ಎಲ್ ಹಾಳೆಯಲ್ಲಿದೆ, ನಿಮ್ಮದರ ಕೆಳಗಿನದು. ದುಜ್ದಾಪ್ ಅಂದರೆ ನೀರುಗಳ್ಳ. 1930ರ ಆಸುಪಾಸಿನಲ್ಲಿ ಊರಿಗೆ ಜಾಹೆದಾನ್ ಎಂದು ಹೆಸರಿಟ್ಟರು. ರೈಲಿದ್ದು ದುಜ್ದಾಪ್ ಎಂದಿದ್ದರೆ ಮುದ್ರಣ ಯಾವ ಹತ್ತು ವರ್ಷದ್ದೆಂದು ಹೆಚ್ಚುಕಡಿಮೆ ಸಿಕ್ಕಂತೆ. ಆದರೆ ರೈಲನ್ನು ಹಳೇ ಫಲಕದ ಮೇಲೆ ಆಮೇಲೆ ಕೆತ್ತಿರಬಹುದು, ಅದು ಬೆಟ್ಟಗಳ ಮೋಜಣಿಯ ವರ್ಷವನ್ನು ಹೇಳುವುದಿಲ್ಲ.

ಹಳೇಹಾಳೆ

ಎಲ್ಲರಿಗೂ ಧನ್ಯವಾದ. ಮೊದಲನೆಯದಕ್ಕೆ 2'27" ಕಳೆದೆ, ಶಿಖರ ಈಗ 350 ಮೀ. ಒಳಗಿದೆ. ಯು502ಕ್ಕೆ 24311 ಕೊಟ್ಟದ್ದೇ ದಕ್ಷಿಣಕ್ಕೆ ಸರಿದದ್ದು ಸರಿಹೋಯಿತು. 30 ಕೆಯ 12 ತುಂಡುಗಳಲ್ಲಿ 7 ಮುಗಿದಿವೆ, 4 ಪಿಕ್ಸೆಲ್ ಉಳಿಕೆ.

ಒಂದು ಉಳಿಯಿತು. ವಾಯವ್ಯ ಮೂಲೆಯಲ್ಲಿ, ಅಫ್ಘಾನ್ ಕಡೆ, ಗೌಡ್-ಇ-ಜಿರ್ರಾ ತಗ್ಗಿನ ಅಂಚು ಹಳೇ ಹಾಳೆಯಲ್ಲಿ ನೀಲಿ ಗೆರೆಯಾಗಿದೆ, ಚಿತ್ರದಲ್ಲಿ ಬಿಳಿ ಉಪ್ಪು ಬಯಲು ಅದಕ್ಕಿಂತ ಕಿಲೋಮೀಟರ್‌ಗಟ್ಟಲೆ ಒಳಗಿದೆ. ಕೆರೆ ಬತ್ತಿದೆ ಎಂದು ಬರೆಯಬಹುದೇ?

ತ್ರಿಕೋನ

ಬೇಡ. ಆ ತಗ್ಗಿಗೆ ತನ್ನದೇ ನೀರಿಲ್ಲ. ಹೆಲ್ಮಂದ್ ನದಿಯಿಂದ ಇರಾನ್-ಅಫ್ಘಾನ್ ಗಡಿಯ ಸೀಸ್ತಾನದ ಹಾಮೂನ್‌ಗಳು ತುಂಬಿ ಉಕ್ಕಿದ ವರ್ಷ ಮಾತ್ರ ಶೆಲಾ ಎಂಬ ಕಾಲುವೆಯಲ್ಲಿ ಹೆಚ್ಚಿನ ನೀರು ಇಲ್ಲಿಗೆ ಇಳಿಯುತ್ತದೆ, ಆವಿಯಾಗಿ ಉಪ್ಪಾಗುತ್ತದೆ. ಸೀಸ್ತಾನದ ಮೋಜಣಿ ಮೆಕ್‌ಮಹೊನ್ ತಂಡದ್ದು, 1903ರಿಂದ 1905. ಹಾಳೆಯ ಆ ಮೂಲೆ ಯಾವ ಮೋಜಣಿಯಿಂದ ಬಂತೋ, ಆ ಋತುವಿನ ನೀರು ಎಲ್ಲಿತ್ತೋ, ಗೆರೆ ಅಲ್ಲಿದೆ. ನಿಮ್ಮ ಉಪಗ್ರಹ ಚಿತ್ರವೂ ಒಂದು ದಿನದ್ದು.

ಹೋಲಿಸಲೇಬೇಕಿದ್ದರೆ ನೀಲಿ ಗೆರೆಯ ಗುಂಟ ಏಳೆಂಟು ಕಡೆ ಕೋಪರ್ನಿಕಸ್‌ನಿಂದ ಎತ್ತರ ಓದಿ. ಎಲ್ಲ ಕಡೆ ಒಂದೇ ಎತ್ತರ, ಒಂದೆರಡು ಮೀಟರ್ ಆಚೀಚೆ ಬಂದರೆ ಅದು ನೀರಿನ ನಿಜವಾದ ಅಂಚು, ನಡೆದು ನೋಡಿ ಹಾಕಿದ್ದು. ಹತ್ತು ಹದಿನೈದು ಮೀಟರ್ ಏರಿಳಿತ ಬಂದರೆ ದೂರದಿಂದ ನೋಡಿ ಎಳೆದದ್ದು, ಆ ಮೂಲೆಯನ್ನು ಯಾವ ಲೆಕ್ಕಕ್ಕೂ ತೆಗೆದುಕೊಳ್ಳಬೇಡಿ.